ಮಂಡಿ ಸವೆತಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್: ಅಮ್ಮನಿಗೆ ಮಾಡಿಸಬಹುದೇ?

ಶರಾವತಿ ತೀರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಗೆ ಈಗ ಅರವತ್ನಾಲ್ಕು ವರ್ಷ. ಸಾಗರದ ಹತ್ತಿರದ ಹಳ್ಳಿಯಲ್ಲಿ ಅಡಿಕೆ ತೋಟ, ಕೊಟ್ಟಿಗೆ, ಅಡುಗೆಮನೆ ಎಂದು ಬದುಕಿಡೀ ಓಡಾಡಿದವರು. ಕೆಲವು ವರ್ಷಗಳಿಂದ ಎರಡೂ ಮಂಡಿಗಳಲ್ಲಿ ನೋವಿದ್ದು, ಬಲಗಾಲಿನದು ಹೆಚ್ಚು. ಕೂತವರು ಏಳುವಾಗ ಗೋಡೆ ಹಿಡಿಯಬೇಕು. ಅಂಗಳದಿಂದ ಜಗುಲಿಗೆ ಹತ್ತುವಾಗ ಪ್ರತಿ ಮೆಟ್ಟಿಲಿನ ಮೇಲೂ ಎರಡೂ ಕಾಲು ಊರಿ ನಿಂತು ಮುಂದಕ್ಕೆ ಹೋಗುತ್ತಾರೆ. ಬೆಳಿಗ್ಗೆ ಎದ್ದ ಮೇಲೆ ಹತ್ತು ನಿಮಿಷ ಮಂಡಿ ಬಿಗಿದುಕೊಂಡಿರುತ್ತದೆ, ಆಮೇಲೆ ಸಡಿಲವಾಗುತ್ತದೆ.

ಶಿವಮೊಗ್ಗದ ಮೂಳೆ ವೈದ್ಯರು ಎಕ್ಸ್‌ರೇ ನೋಡಿ ಬಲ ಮಂಡಿಯದು ಮೂರನೇ ಗ್ರೇಡ್ ಸವೆತ, ಎಡದ್ದು ಎರಡನೇ ಗ್ರೇಡ್ ಎಂದು ಬರೆದಿದ್ದಾರೆ (ನಾಲ್ಕನೇ ಗ್ರೇಡ್ ಎಂದರೆ ಅತಿ ಹೆಚ್ಚಿನ ಸವೆತ). ತೂಕ ಇಳಿಸಿ, ವ್ಯಾಯಾಮ ಮಾಡಿ, ನೋವು ಹೆಚ್ಚಾದಾಗ ಮಾತ್ರೆ ತೆಗೆದುಕೊಳ್ಳಿ, ಮುಂದೆ ಬೇಕಾದರೆ ಮಂಡಿ ಬದಲಾಯಿಸುವ ಆಪರೇಷನ್ ಯೋಚಿಸೋಣ ಎಂದರು. ಅಮ್ಮನಿಗೆ ಆಪರೇಷನ್ ಎಂದರೆ ಭಯ. ಅದಕ್ಕಿಂತ ಹೆಚ್ಚಾಗಿ, ಆಪರೇಷನ್ ಆದ ಮೇಲೆ ದೇವರ ಮುಂದೆ ನೆಲದ ಮೇಲೆ ಕೂರಲು ಆಗುವುದಿಲ್ಲ ಎಂದು ಯಾರೋ ಹೇಳಿದ್ದು ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಅವರಿಗೆ ಸಕ್ಕರೆ ಕಾಯಿಲೆಯೂ ಇದೆ. ತೂಕ 74 ಕಿಲೋ.

ಈ ನಡುವೆ ಬೆಂಗಳೂರಿನಲ್ಲಿರುವ ನಮ್ಮ ಅಣ್ಣ ಒಂದು ಕ್ಲಿನಿಕ್‌ನ ವಿಡಿಯೋ ಕಳುಹಿಸಿದ. ಹೊಟ್ಟೆಯ ಕೊಬ್ಬನ್ನು ಸ್ವಲ್ಪ ತೆಗೆದು, ಅದರಿಂದ ಸ್ಟೆಮ್ ಸೆಲ್ (ಬೇರೆ ಬೇರೆ ಅಂಗಾಂಶಗಳಾಗಿ ಬೆಳೆಯಬಲ್ಲ ಮೂಲ ಜೀವಕೋಶ) ಬೇರ್ಪಡಿಸಿ, ಅದೇ ದಿನ ಮಂಡಿಗೆ ಚುಚ್ಚುತ್ತಾರಂತೆ. ಸವೆದ ಮೃದ್ವಸ್ಥಿ, ಅಂದರೆ ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಪದರ, ಮತ್ತೆ ಬೆಳೆಯುತ್ತದೆ, ಆಪರೇಷನ್ನಿನ ಅಗತ್ಯವೇ ಬೀಳುವುದಿಲ್ಲ ಎಂದು ಫೋನಿನಲ್ಲಿಯೂ ಹೇಳಿದರು. ಎರಡೂ ಮಂಡಿಗೆ ಸೇರಿ 2 ಲಕ್ಷ 80 ಸಾವಿರ ರೂಪಾಯಿ. ಈ ತಿಂಗಳೊಳಗೆ ಮಾಡಿಸಿದರೆ ರಿಯಾಯಿತಿ ಇದೆಯೆಂದು ಹೇಳಿದ್ದರಿಂದ ಅಣ್ಣ 25 ಸಾವಿರ ಮುಂಗಡವನ್ನೂ ಕಟ್ಟಿಬಿಟ್ಟಿದ್ದಾನೆ.

ಇದರಿಂದ ನಿಜವಾಗಿ ಗುಣವಾಗುತ್ತದೆಯೇ? ನಮ್ಮ ದೇಶದಲ್ಲಿ ಇದಕ್ಕೆ ಅನುಮತಿ ಇದೆಯೇ? ಆರೋಗ್ಯ ವಿಮೆಯಲ್ಲಿ ಹಣ ಬರುತ್ತದೆಯೇ? ಮಾಡಿಸಿಕೊಂಡವರು ಅಥವಾ ವಿಷಯ ಬಲ್ಲವರು ದಯವಿಟ್ಟು ತಿಳಿಸಿ. ಜಾಹೀರಾತುಗಳ ಕೊಂಡಿ ಯಾರೂ ಹಾಕಬೇಡಿ, ಅವು ಈಗಾಗಲೇ ಸಾಕಷ್ಟು ಬಂದಿವೆ.

ನಿವೃತ್ತ ಮೂಳೆವೈದ್ಯ, ಮೈಸೂರು

ನಿಮ್ಮ ತಾಯಿಯವರನ್ನು ಪರೀಕ್ಷಿಸದೆ ಇಂಥದ್ದನ್ನೇ ಮಾಡಿಸಿ ಎಂದು ಹೇಳುವುದು ತಪ್ಪಾಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಗೊತ್ತಿರಬೇಕಾದ ಸಂಗತಿಗಳನ್ನಷ್ಟೇ ಬರೆಯುತ್ತೇನೆ. ಒಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಸವೆದ ಮೃದ್ವಸ್ಥಿ ಮತ್ತೆ ಬೆಳೆದು ಮಂಡಿ ಮೊದಲಿನಂತಾಗುತ್ತದೆ ಎಂದು ಯಾರಾದರೂ ಭರವಸೆ ಕೊಟ್ಟರೆ, ಅವರ ಉಳಿದ ಮಾತುಗಳನ್ನೂ ಅನುಮಾನದಿಂದಲೇ ಕೇಳಿ.

ಮೃದ್ವಸ್ಥಿಗೆ ರಕ್ತನಾಳಗಳೂ ಇಲ್ಲ, ನರಗಳೂ ಇಲ್ಲ. ಕೀಲಿನೊಳಗಿನ ದ್ರವದಿಂದಲೇ ಅದಕ್ಕೆ ಪೋಷಣೆ ಸಿಗಬೇಕು. ಆದ್ದರಿಂದಲೇ ಚರ್ಮದ ಗಾಯ ಅಥವಾ ಮುರಿದ ಮೂಳೆ ಮಾಯುವ ಹಾಗೆ ಅದು ಮಾಯುವುದಿಲ್ಲ. ನರಗಳಿಲ್ಲದ ಭಾಗ ನೋಯುವುದೂ ಇಲ್ಲ. ರೋಗಿಗೆ ಆಗುವ ನೋವು ಅದರ ಕೆಳಗಿನ ಮೂಳೆಯಿಂದ, ಕೀಲಿನ ಒಳಪೊರೆಯ ಉರಿಯೂತದಿಂದ, ಸುತ್ತಲಿನ ಸ್ನಾಯು ಮತ್ತು ಅಸ್ಥಿರಜ್ಜುಗಳಿಂದ ಬರುತ್ತದೆ. ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ: ಇಂಜೆಕ್ಷನ್ ಆದ ಮೇಲೆ ನೋವು ಕಡಿಮೆಯಾಯಿತು ಎಂದರೆ ಉರಿಯೂತ ತಗ್ಗಿತು ಎಂದು ಅರ್ಥವಾಗಬಹುದೇ ಹೊರತು ಮೃದ್ವಸ್ಥಿ ಬೆಳೆಯಿತು ಎಂದಲ್ಲ. ಚುಚ್ಚಿದ ಸ್ಟೆಮ್ ಸೆಲ್‌ಗಳು ಅಲ್ಲಿಯೇ ನೆಲೆಯೂರಿ ಹೊಸ ಅಂಗಾಂಶವಾಗುತ್ತವೆ ಎಂಬ ಮೊದಲ ದಿನಗಳ ನಿರೀಕ್ಷೆಯನ್ನು ಈ ಕ್ಷೇತ್ರದ ಸಂಶೋಧಕರೇ ಬಹುಮಟ್ಟಿಗೆ ಬಿಟ್ಟಿದ್ದಾರೆ. ಅವು ಉರಿಯೂತವನ್ನು ತಣಿಸುವ ರಾಸಾಯನಿಕಗಳನ್ನು ಸ್ರವಿಸುತ್ತವೆ, ಕೆಲಸ ಮಾಡಿದರೆ ಆ ಮೂಲಕವೇ ಮಾಡುತ್ತವೆ ಎಂಬುದು ಈಗಿನ ತಿಳಿವಳಿಕೆ.

ಎರಡನೆಯದಾಗಿ, ಈ ಒಂದು ಹಣೆಪಟ್ಟಿಯ ಕೆಳಗೆ ನಾಲ್ಕೈದು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತಿವೆ. ಸೊಂಟದ ಮೂಳೆಯಿಂದ ಅಸ್ಥಿಮಜ್ಜೆ ತೆಗೆದು, ಯಂತ್ರದಲ್ಲಿ ತಿರುಗಿಸಿ ಸಾಂದ್ರಗೊಳಿಸಿ ಚುಚ್ಚುವುದು ಒಂದು. ಅಸ್ಥಿಮಜ್ಜೆಯಲ್ಲಿ ನಮಗೆ ಬೇಕಾದ ಬಗೆಯ ಸ್ಟೆಮ್ ಸೆಲ್ ಸಿಗುವುದು ಹತ್ತು ಸಾವಿರದಿಂದ ಒಂದು ಲಕ್ಷ ಜೀವಕೋಶಗಳಲ್ಲಿ ಒಂದು ಎಂಬಷ್ಟು ವಿರಳವಾಗಿ; ವಯಸ್ಸಾದಂತೆ ಅದೂ ಇಳಿಯುತ್ತದೆ. ನಿಮಗೆ ಹೇಳಿರುವಂತೆ ಕೊಬ್ಬನ್ನು ಕಿಣ್ವದಿಂದ ಕರಗಿಸಿ ಅದರ ಕೋಶಗಳ ಮಿಶ್ರಣವನ್ನು ಚುಚ್ಚುವುದು ಇನ್ನೊಂದು. ಹೊಕ್ಕುಳಬಳ್ಳಿಯಿಂದ ತಯಾರಿಸಿದ ಉತ್ಪನ್ನಗಳು ಮತ್ತೊಂದು. ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಿ, ಎಣಿಸಿ, ಪರೀಕ್ಷಿಸಿ ಕೊಡುವ ಕೋಶಗಳು ಇವೆಲ್ಲಕ್ಕಿಂತ ಬೇರೆಯೇ. ಇನ್ನು ರೋಗಿಯ ರಕ್ತದಿಂದ ತೆಗೆಯುವ ಪಿಆರ್‌ಪಿ ಸ್ಟೆಮ್ ಸೆಲ್ ಚಿಕಿತ್ಸೆಯೇ ಅಲ್ಲ, ಅದು ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಕಣಗಳ ಸಾಂದ್ರ ದ್ರವ. ಆದರೂ ಅದನ್ನು ಈ ಹೆಸರಿನಲ್ಲಿ ಮಾರುವವರನ್ನು ನಾನು ನೋಡಿದ್ದೇನೆ.

ಪ್ರಯೋಗಗಳು ಏನು ಹೇಳುತ್ತವೆ? ಅಮೆರಿಕದ ಮೇಯೋ ಕ್ಲಿನಿಕ್‌ನವರು ಎರಡೂ ಮಂಡಿ ನೋಯುತ್ತಿದ್ದ 25 ಜನರನ್ನು ಆರಿಸಿ, ಒಂದು ಮಂಡಿಗೆ ಅವರದೇ ಅಸ್ಥಿಮಜ್ಜೆಯ ಸಾಂದ್ರ ದ್ರವವನ್ನೂ ಇನ್ನೊಂದು ಮಂಡಿಗೆ ಬರೀ ಉಪ್ಪುನೀರಿನ ಸಲೈನನ್ನೂ ಚುಚ್ಚಿದರು. ಯಾವ ಮಂಡಿಗೆ ಯಾವುದು ಹೋಯಿತೆಂದು ರೋಗಿಗೆ ಗೊತ್ತಿರಲಿಲ್ಲ. ಎರಡೂ ಮಂಡಿಗಳ ನೋವು ಹೆಚ್ಚುಕಡಿಮೆ ಸಮನಾಗಿಯೇ ತಗ್ಗಿತು. ಇದು 2017ರಲ್ಲಿ ಪ್ರಕಟವಾಯಿತು. ಆಮೇಲೆ 2023ರಲ್ಲಿ ನೇಚರ್ ಮೆಡಿಸಿನ್ ಪತ್ರಿಕೆಯಲ್ಲಿ ಇದಕ್ಕಿಂತ ಬಹಳ ದೊಡ್ಡ ಅಧ್ಯಯನ ಬಂತು. ಸುಮಾರು 480 ರೋಗಿಗಳಲ್ಲಿ ಅಸ್ಥಿಮಜ್ಜೆ, ಕೊಬ್ಬು ಮತ್ತು ಹೊಕ್ಕುಳಬಳ್ಳಿ ಈ ಮೂರು ಮೂಲಗಳ ಕೋಶಗಳನ್ನು ಸಾಮಾನ್ಯ ಸ್ಟೀರಾಯ್ಡ್ ಇಂಜೆಕ್ಷನ್ನಿನೊಂದಿಗೆ ಹೋಲಿಸಿ ಒಂದು ವರ್ಷ ಗಮನಿಸಿದರು. ನೋವಿನ ವಿಷಯದಲ್ಲಿ ಮೂರರಲ್ಲಿ ಒಂದೂ ಸ್ಟೀರಾಯ್ಡಿಗಿಂತ ಮೇಲಾಗಿ ಕಾಣಲಿಲ್ಲ, ಎಂಆರ್‌ಐ ಚಿತ್ರಗಳಲ್ಲಿಯೂ ವ್ಯತ್ಯಾಸ ಸಿಗಲಿಲ್ಲ. ನಿಮಗೆ 2 ಲಕ್ಷ 80 ಸಾವಿರಕ್ಕೆ ಕೊಡಲು ಹೊರಟಿರುವುದು ಆ ಮೂರರಲ್ಲಿ ಒಂದು ಎಂಬುದನ್ನು ಗಮನಿಸಿ. ವೈದ್ಯಕೀಯ ಪುರಾವೆಗಳನ್ನು ಪರಾಮರ್ಶಿಸುವ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಎಲ್ಲ ಪ್ರಯೋಗಗಳನ್ನೂ ಒಟ್ಟಿಗಿಟ್ಟು ತೂಗಿದ 2025ರ ಪರಾಮರ್ಶೆಯೂ, ನೋವು ಮತ್ತು ಓಡಾಟದಲ್ಲಿ ಅಲ್ಪ ಸುಧಾರಣೆ ಆಗಬಹುದು, ಆದರೆ ಪುರಾವೆ ಗಟ್ಟಿಯಾದದ್ದಲ್ಲ ಎಂಬಲ್ಲಿಗೇ ನಿಂತಿದೆ.

ಆದರೆ ಇದಿಷ್ಟನ್ನೇ ಓದಿ ಈ ಚಿಕಿತ್ಸೆ ಪೂರ್ತಿ ಸುಳ್ಳು ಎಂದುಕೊಳ್ಳುವುದೂ ಸರಿಯಲ್ಲ. ಬೆಂಗಳೂರಿನಲ್ಲಿಯೇ ನಡೆದಿರುವ ಕೆಲಸವೊಂದಿದೆ. ಅದರ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ, ಅವರು ಬರೆಯಲಿ.

ಒಂದು ಪ್ರಶ್ನೆ: ಆ ಎಕ್ಸ್‌ರೇಯನ್ನು ತಾಯಿಯವರನ್ನು ನಿಲ್ಲಿಸಿ ತೆಗೆದರೇ, ಮಲಗಿಸಿ ತೆಗೆದರೇ? ಮೈಭಾರ ಬಿದ್ದಾಗಲೇ ಮೂಳೆಗಳ ನಡುವಿನ ಅಂತರ ನಿಜವಾಗಿ ಎಷ್ಟು ಉಳಿದಿದೆ ಎಂಬುದು ಗೊತ್ತಾಗುವುದು. ಮಲಗಿಸಿ ತೆಗೆದ ಚಿತ್ರದಲ್ಲಿ ಮೂರನೇ ಗ್ರೇಡ್ ಎಂದು ಕಂಡದ್ದು ನಿಂತಾಗ ನಾಲ್ಕನೆಯದಾಗಿರುವ ಸಾಧ್ಯತೆ ಉಂಟು. ಕಾಲು ಹೊರಕ್ಕೆ ಬಾಗಿದೆಯೇ ಎಂಬುದನ್ನೂ ನೋಡಿ. ಬಾಗಿದ ಕಾಲಿನಲ್ಲಿ ಭಾರವೆಲ್ಲ ಮಂಡಿಯ ಒಳಬದಿಗೇ ಬೀಳುತ್ತಿರುತ್ತದೆ, ಅದನ್ನು ಯಾವ ಇಂಜೆಕ್ಷನ್ನೂ ನೇರಮಾಡದು.

ಹಳೇ ಮಂಡಿ

ನಾನು ಹುಬ್ಬಳ್ಳಿಯವನು, ಬ್ಯಾಂಕಿನಿಂದ ನಿವೃತ್ತನಾಗಿದ್ದೇನೆ. ಡಾಕ್ಟರ್ ಸಾಹೇಬರು ಹೇಳಿದ ಮೊದಲನೇ ಬಗೆಯದನ್ನು, ಅಂದರೆ ಸೊಂಟದ ಮೂಳೆಯಿಂದ ತೆಗೆದದ್ದನ್ನು, ಎಡ ಮಂಡಿಗೆ ಮಾಡಿಸಿಕೊಂಡಿದ್ದೇನೆ. ಆಸ್ಪತ್ರೆಯ ಹೆಸರು ಕೇಳಬೇಡಿ. ಹೇಗಿರುತ್ತದೆ ಎಂದು ತಿಳಿಯಲಿ ಎಂಬ ಉದ್ದೇಶದಿಂದ ಬರೆಯುತ್ತಿದ್ದೇನೆ.

ಬೋರಲು ಮಲಗಿಸಿ, ಸೊಂಟದ ಹಿಂಬದಿಯ ಮೂಳೆ ಏಣಿನ ಮೇಲೆ ಮರಗಟ್ಟಿಸುವ ಸೂಜಿ ಹಾಕಿದರು. ಚರ್ಮ ಮರಗಟ್ಟಿದರೂ ಮೂಳೆಯೊಳಕ್ಕೆ ದಪ್ಪ ಸೂಜಿಯನ್ನು ತಿರುಗಿಸುತ್ತ ಇಳಿಸುವಾಗ ಒತ್ತಡ ಗೊತ್ತಾಗುತ್ತದೆ, ಮಜ್ಜೆಯನ್ನು ಸಿರಿಂಜಿಗೆ ಎಳೆಯುವ ಕ್ಷಣದಲ್ಲಿ ಕಾಲಿನವರೆಗೂ ಸೆಳೆದಂತಾಗುತ್ತದೆ. ಅದನ್ನು ಯಾರೂ ಮುಂಚೆ ಹೇಳುವುದಿಲ್ಲ. ತೆಗೆದದ್ದನ್ನು ಅದೇ ಕೋಣೆಯ ಮೂಲೆಯಲ್ಲಿದ್ದ ಯಂತ್ರದಲ್ಲಿ ತಿರುಗಿಸಿ, ಕೆಂಪಗಿನ ಸ್ವಲ್ಪ ದ್ರವವನ್ನು ತಂದು ಸ್ಕ್ಯಾನಿಂಗ್ ನೋಡುತ್ತ ಮಂಡಿಯೊಳಕ್ಕೆ ಬಿಟ್ಟರು. ಸಂಜೆಯೇ ಮನೆಗೆ ಕಳಿಸಿದರು. ಮೊದಲ ಕೆಲವು ದಿನ ಮಂಡಿ ಊದಿ, ಮಡಚಲಾಗದಂತೆ ಆಗಿತ್ತು. ಮಂಡಿಗಿಂತ ಸೊಂಟದ ನೋವೇ ಹೆಚ್ಚು ದಿನ ಕಾಡಿತು.

ಎರಡನೇ ತಿಂಗಳಿನಿಂದ ಆರಾಮ ಕಂಡಿತು ಎಂಬುದು ನಿಜ. ಸುಮಾರು ಒಂದು ವರ್ಷ ಉಣಕಲ್ ಕೆರೆಯ ಸುತ್ತ ಬೆಳಗಿನ ವಾಕಿಂಗ್ ನಡೆಯಿತು. ಆಮೇಲೆ ನಿಧಾನವಾಗಿ ನೋವು ವಾಪಸು ಬಂತು, ಈಗ ಮೊದಲಿಗಿಂತ ಸ್ವಲ್ಪ ಕಡಿಮೆ ಎನ್ನಬಹುದು. ಆದರೆ ಅದೇ ಅವಧಿಯಲ್ಲಿ ನಾನು ತೂಕವನ್ನೂ ಇಳಿಸಿದ್ದೆ, ಫಿಸಿಯೋಥೆರಪಿಯನ್ನೂ ಬಿಡದೆ ಮಾಡಿದ್ದೆ. ಆ ಆರಾಮದಲ್ಲಿ ಯಾವುದರ ಪಾಲು ಎಷ್ಟು ಎಂದು ಕೇಳಿದರೆ ನನ್ನ ಹತ್ತಿರ ಉತ್ತರವಿಲ್ಲ, ಮಾಡಿದ ವೈದ್ಯರ ಹತ್ತಿರವೂ ಇರಲಿಲ್ಲ. ಮತ್ತೆ ತೆಗೆಸಿದ ಎಕ್ಸ್‌ರೇಯಲ್ಲಿ ಸವೆತ ಹಾಗೆಯೇ ಇದೆ.

ಇನ್ನೊಂದು ಮಾತು. ಬಿಲ್ಲಿನಲ್ಲಿ ಸ್ಟೆಮ್ ಸೆಲ್ ಎಂಬ ಪದವೇ ಇರಲಿಲ್ಲ, ಬರೀ ಪ್ರೊಸೀಜರ್ ಶುಲ್ಕ ಎಂದಿತ್ತು. ವಿಮೆಯವರು ವಿವರ ಕೇಳಿದಾಗ ಆಸ್ಪತ್ರೆಯವರು ಕೊಟ್ಟ ಪತ್ರ ಓದಿ ಕ್ಲೇಮ್ ತಳ್ಳಿಹಾಕಿದರು. ನಿಮ್ಮ ಅಣ್ಣ ಕಟ್ಟಿದ ಮುಂಗಡಕ್ಕೆ ಕೊಟ್ಟ ರಸೀದಿಯಲ್ಲಿ ಏನೆಂದು ಬರೆದಿದ್ದಾರೆ, ಒಮ್ಮೆ ನೋಡಿ.

ನೈತಿಕ ಸಮಿತಿ ಸದಸ್ಯೆ

ನಾನು ವೈದ್ಯಳಲ್ಲ. ಬೆಂಗಳೂರಿನ ಸಂಸ್ಥೆಯೊಂದರಲ್ಲಿ, ಮನುಷ್ಯರ ಮೇಲೆ ನಡೆಯುವ ಪ್ರಯೋಗಗಳಿಗೆ ಒಪ್ಪಿಗೆ ನೀಡುವ ಸಮಿತಿಯಲ್ಲಿ ಕೆಲವು ವರ್ಷಗಳಿಂದ ಕೂರುತ್ತಿದ್ದೇನೆ. ಕಾನೂನಿನ ಭಾಗವನ್ನು ನಾನು ಬರೆಯುತ್ತೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಸ್ಟೆಮ್ ಸೆಲ್ ಸಂಶೋಧನೆಗೆ ರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರತಂದವು. ಅದರ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥ ಸ್ಥಾಪಿತ ಚಿಕಿತ್ಸೆಯನ್ನು ಬಿಟ್ಟರೆ, ಬೇರೆ ಕಾಯಿಲೆಗಳಿಗೆ ರೋಗಿಗಳ ಮೇಲೆ ಸ್ಟೆಮ್ ಸೆಲ್ ಬಳಸುವುದು ಅನುಮೋದಿತ ಕ್ಲಿನಿಕಲ್ ಪ್ರಯೋಗದ ಚೌಕಟ್ಟಿನೊಳಗೆ ಮಾತ್ರ ನಡೆಯಬೇಕು. ಪ್ರಯೋಗವೆಂದ ಮೇಲೆ ರೋಗಿಯಿಂದ ಹಣ ಪಡೆಯುವಂತಿಲ್ಲ; 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಂತೆ, ಪ್ರಯೋಗದಿಂದ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರವನ್ನು ಅವರೇ ಕೊಡಬೇಕು. ರಿಯಾಯಿತಿ ದರ, ತಿಂಗಳ ಗಡುವು, ಮುಂಗಡ ಇವೆಲ್ಲ ಇದ್ದ ಕಡೆ ಪ್ರಯೋಗ ಇರಲಾರದು. ಪ್ರಯೋಗವೂ ಅಲ್ಲ, ಅನುಮೋದಿತ ಔಷಧವೂ ಅಲ್ಲ ಎಂದಾದರೆ ಅವರು ಯಾವ ಆಧಾರದ ಮೇಲೆ ಕೊಡುತ್ತಿದ್ದಾರೆ ಎಂಬುದೇ ನಿಮ್ಮ ಪ್ರಶ್ನೆಯಾಗಬೇಕು.

ಅನುಮೋದಿತ ಉತ್ಪನ್ನವೊಂದು ಇದೆ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ರಿಸರ್ಚ್ ಎಂಬ ಕಂಪನಿ, ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಪಡೆದ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಸ್ಟೆಂಪ್ಯೂಸೆಲ್ ಎಂಬ ಉತ್ಪನ್ನವನ್ನು ಸಿದ್ಧಪಡಿಸಿದೆ. ಮಂಡಿ ಸವೆತದ ಬಳಕೆಗೆ ಅದಕ್ಕೆ ಭಾರತದ ಔಷಧ ಮಹಾನಿಯಂತ್ರಕರ ಅನುಮೋದನೆ 2022ರಲ್ಲಿ ಸಿಕ್ಕಿತು; ಆಲ್ಕೆಮ್ ಕಂಪನಿ ಅದನ್ನು ಸ್ಟೆಮ್‌ಒನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಇದರ ಮೂರನೇ ಹಂತದ ಪ್ರಯೋಗದಲ್ಲಿ ಎರಡು ಮತ್ತು ಮೂರನೇ ಗ್ರೇಡ್ ಸವೆತದ 146 ರೋಗಿಗಳಿದ್ದರು. ಅರ್ಧದಷ್ಟು ಜನರಿಗೆ ಎರಡೂವರೆ ಕೋಟಿ ಕೋಶಗಳ ಒಂದು ಡೋಸ್, ಉಳಿದವರಿಗೆ ಕೋಶಗಳಿಲ್ಲದ ದ್ರವ; ಎರಡೂ ಗುಂಪಿಗೆ ಅದರ ಹಿಂದೆಯೇ ಕೀಲಿಗೆ ಜಾರಿಕೆ ಕೊಡುವ ಹಯಲುರಾನಿಕ್ ಆಮ್ಲದ ಇಂಜೆಕ್ಷನ್. ಒಂದು ವರ್ಷದ ಕೊನೆಗೆ ಕೋಶ ಪಡೆದವರ ನೋವು, ಬಿಗಿತ ಮತ್ತು ಓಡಾಟದ ಅಂಕಗಳು ಇನ್ನೊಂದು ಗುಂಪಿಗಿಂತ ಉತ್ತಮವಾಗಿದ್ದವು. ಎಂಆರ್‌ಐಯಲ್ಲಿ ಮೃದ್ವಸ್ಥಿಯ ಗುಣಮಟ್ಟ ಕೋಶ ಪಡೆದವರಲ್ಲಿ ಹೆಚ್ಚು ಹಾಳಾಗದೆ ಉಳಿದಿತ್ತು. ಆದರೆ ಮೃದ್ವಸ್ಥಿಯ ಪ್ರಮಾಣ ಎರಡು ಗುಂಪಿನಲ್ಲಿಯೂ ಹೇಳಿಕೊಳ್ಳುವಷ್ಟು ಬದಲಾಗಿರಲಿಲ್ಲ. ಅಂದರೆ ಇಷ್ಟು ಶಿಸ್ತಿನಿಂದ ತಯಾರಾದ, ಸರ್ಕಾರದ ಅನುಮೋದನೆ ಪಡೆದ ಉತ್ಪನ್ನವೇ ಮೃದ್ವಸ್ಥಿಯನ್ನು ಬೆಳೆಸಿ ತೋರಿಸಿಲ್ಲ. ಈ ಪ್ರಯೋಗ ನಡೆಸಿದ್ದು ಉತ್ಪನ್ನ ತಯಾರಿಸಿದ ಕಂಪನಿಯೇ ಎಂಬುದನ್ನೂ ಸೇರಿಸಿ ಓದಬೇಕು. ಅದರಿಂದ ಫಲಿತಾಂಶ ಸುಳ್ಳಾಗುವುದಿಲ್ಲ, ಆದರೆ ಸ್ವತಂತ್ರವಾದ ದೊಡ್ಡ ಪ್ರಯೋಗಕ್ಕಾಗಿ ಕಾಯುವುದು ನನ್ನಂಥವರ ಅಭ್ಯಾಸ.

ನಿಮ್ಮ ಕ್ಲಿನಿಕ್‌ನವರು ಕೊಡುತ್ತಿರುವುದು ಇದಲ್ಲ. ಅವರದು ಕೊಬ್ಬಿನದು, ಇದು ದಾನಿಗಳ ಅಸ್ಥಿಮಜ್ಜೆಯದು. ಅನುಮೋದನೆ ಎಂದು ಅವರು ಏನನ್ನಾದರೂ ತೋರಿಸಿದರೆ ಅದು ಯಾವ ವಸ್ತುವಿಗೆ, ಯಾವ ಕಾಯಿಲೆಗೆ ಸಿಕ್ಕಿದ್ದು ಎಂದು ಓದಿ. ಕ್ಲಿನಿಕಲ್ ಪ್ರಯೋಗಗಳ ರಾಷ್ಟ್ರೀಯ ನೋಂದಣಿಯ ಸಂಖ್ಯೆಯನ್ನು ಪ್ರಮಾಣಪತ್ರದಂತೆ ಗೋಡೆಗೆ ಹಾಕಿಕೊಳ್ಳುವವರೂ ಇದ್ದಾರೆ. ಆ ನೋಂದಣಿ ಎಂದರೆ ಅಧ್ಯಯನವೊಂದು ನಡೆಯುತ್ತಿದೆ ಎಂಬ ದಾಖಲೆಯಷ್ಟೇ, ಚಿಕಿತ್ಸೆ ಫಲಕಾರಿ ಎಂಬ ಮುದ್ರೆಯಲ್ಲ. ಅದರ ಜಾಲತಾಣದಲ್ಲಿ ಸಂಖ್ಯೆ ಹಾಕಿ ಯಾರು ಬೇಕಾದರೂ ವಿವರ ನೋಡಬಹುದು.

ನಿಮ್ಮದೇ ಕೊಬ್ಬು, ನಿಮ್ಮದೇ ಕೋಶ, ಅಪಾಯ ಎಲ್ಲಿಂದ ಬಂತು ಎಂಬ ವಾದವನ್ನೂ ಕೇಳಿರುತ್ತೀರಿ. ಹೊರತೆಗೆದು, ಕಿಣ್ವ ಬೆರೆಸಿ, ತೊಳೆದು ಮತ್ತೆ ಒಳಗೆ ಬಿಡುವ ಪ್ರತಿ ಹಂತದಲ್ಲಿಯೂ ಸೋಂಕಿಗೆ ದಾರಿ ಇದೆ. 2018ರಲ್ಲಿ ಅಮೆರಿಕದ ಟೆಕ್ಸಾಸ್, ಫ್ಲಾರಿಡಾ ಮತ್ತು ಅರಿಝೋನಾಗಳಲ್ಲಿ, ಹೊಕ್ಕುಳಬಳ್ಳಿಯ ರಕ್ತದಿಂದ ತಯಾರಿಸಿದ ಅನನುಮೋದಿತ ಉತ್ಪನ್ನವನ್ನು ಚುಚ್ಚಿಸಿಕೊಂಡ 12 ಜನ ಬ್ಯಾಕ್ಟೀರಿಯಾ ಸೋಂಕಿನಿಂದ ಆಸ್ಪತ್ರೆ ಸೇರಿದ್ದರು. ಸಕ್ಕರೆ ಕಾಯಿಲೆ ಇರುವವರ ಕೀಲಿಗೆ ಸೋಂಕು ತಗಲಿದರೆ ಅದು ಸಣ್ಣ ವಿಷಯವಲ್ಲ.

ವಿಮೆಯ ಬಗ್ಗೆ: ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ವಿಮೆಯೊಳಗೆ ಸೇರಬೇಕಾದ ಆಧುನಿಕ ಚಿಕಿತ್ಸೆಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಸ್ಟೆಮ್ ಸೆಲ್ ಇದೆ, ಆದರೆ ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಗೆ ಮಾತ್ರ. ಹುಬ್ಬಳ್ಳಿಯವರ ಕ್ಲೇಮ್ ಬಿದ್ದುಹೋದದ್ದಕ್ಕೆ ಇದೇ ಕಾರಣವಿರಬಹುದು.

ಧಾರವಾಡದ ಫಿಸಿಯೋ

ಸ್ಟೆಮ್ ಸೆಲ್ ವಿಷಯದಲ್ಲಿ ಮೇಲಿನವರು ಹೇಳಿದ್ದರ ಮೇಲೆ ನಾನು ಹೇಳುವುದೇನೂ ಇಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಒಂದು ಸಾಲು ನನ್ನ ಗಮನ ಸೆಳೆಯಿತು. ವೈದ್ಯರು ವ್ಯಾಯಾಮ ಮಾಡಿ ಎಂದರು ಎಂದು ಬರೆದಿದ್ದೀರಿ, ಯಾವ ವ್ಯಾಯಾಮ, ಎಷ್ಟು ಸಲ, ಯಾರು ಕಲಿಸಿದರು ಎಂಬುದು ಇಲ್ಲ. ಹೆಚ್ಚಿನ ಮನೆಗಳಲ್ಲಿ ಹೀಗೆಯೇ ಆಗುತ್ತದೆ: ಚೀಟಿಯಲ್ಲಿ ಬರೆದ ಮಾತ್ರೆ ಅಂಗಡಿಯಿಂದ ಬರುತ್ತದೆ, ಬರೆದ ವ್ಯಾಯಾಮ ಚೀಟಿಯಲ್ಲಿಯೇ ಉಳಿಯುತ್ತದೆ.

ತೊಡೆಯ ಮುಂಭಾಗದ ಸ್ನಾಯು ಸೊರಗಿದಷ್ಟೂ ಮಂಡಿಯ ಮೇಲೆ ಬೀಳುವ ಹೊಡೆತ ಹೆಚ್ಚುತ್ತದೆ. ತಾಯಿಯವರನ್ನು ಮಂಚದ ಮೇಲೆ ಮಲಗಿಸಿ, ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಅದನ್ನು ಕೆಳಕ್ಕೆ ಒತ್ತಿ ಐದೆಣಿಸುವವರೆಗೆ ಹಿಡಿಯಲು ಹೇಳಿ; ಆಗ ಅವರ ತೊಡೆಯ ಮೇಲೆ ಕೈಯಿಟ್ಟು ನೋಡಿ. ಸ್ನಾಯು ಗಟ್ಟಿಯಾಗುವುದು ಕೈಗೆ ಸಿಗಬೇಕು. ಬಲಗಾಲಿನಲ್ಲಿ ಅದು ಎಡಗಾಲಿಗಿಂತ ಮೆತ್ತಗಿದ್ದರೆ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ನಿಮಗೇ ತಿಳಿಯುತ್ತದೆ. ಇದಾದ ಮೇಲೆ ಕಾಲನ್ನು ನೇರವಾಗಿ ಎತ್ತಿ ಹಿಡಿಯುವುದು, ಎತ್ತರದ ಕುರ್ಚಿಯಿಂದ ಕೈ ಊರದೆ ಏಳುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು ಹೀಗೆ ಹಂತ ಹಂತವಾಗಿ ಮುಂದುವರಿಯಬೇಕು. ಆರಂಭದ ವಾರಗಳಲ್ಲಿ ನೋವು ಸ್ವಲ್ಪ ಹೆಚ್ಚಾಗುವುದು ಸಹಜ. ಮರುದಿನದ ಹೊತ್ತಿಗೆ ಅದು ಇಳಿಯುತ್ತಿದ್ದರೆ ಹೆದರಬೇಕಾಗಿಲ್ಲ. ಡೆನ್ಮಾರ್ಕಿನಲ್ಲಿ 2013ರಿಂದ ನಡೆಯುತ್ತಿರುವ ಗ್ಲ್ಯಾಡ್ ಎಂಬ ಕಾರ್ಯಕ್ರಮದಲ್ಲಿ ವಾರಕ್ಕೆ ಎರಡು ಬಾರಿಯಂತೆ ಆರು ವಾರ, ಫಿಸಿಯೋ ಎದುರಿನಲ್ಲಿಯೇ ಇಂಥ ವ್ಯಾಯಾಮ ಮಾಡಿಸುತ್ತಾರೆ. ಅಷ್ಟನ್ನು ನಮ್ಮಲ್ಲಿಯೂ ಯಾವ ಜಿಲ್ಲಾ ಕೇಂದ್ರದಲ್ಲಿಯಾದರೂ ಮಾಡಿಸಬಹುದು, ಖರ್ಚು ನೀವು ಕಟ್ಟಿದ ಮುಂಗಡದೊಳಗೇ ಮುಗಿಯುತ್ತದೆ.

ತೂಕದ ಲೆಕ್ಕವೂ ಇದೆ. ಒಂದು ಕಿಲೋ ಇಳಿದರೆ ನಡೆಯುವಾಗ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ಅಳೆದು ನೋಡಿದ್ದಾರೆ. 74ರಿಂದ 68ಕ್ಕೆ ಬರುವುದು ಅಸಾಧ್ಯವೇನಲ್ಲ. ಅವರು ಕುಚ್ಚಲಕ್ಕಿ ಗಂಜಿ, ಮಜ್ಜಿಗೆ ಬಿಡಬೇಕಾಗಿಯೂ ಇಲ್ಲ. ರಾತ್ರಿಯ ಅನ್ನದ ಪ್ರಮಾಣ, ದಿನಕ್ಕೆ ಎಷ್ಟು ಸಲ ಸಿಹಿ ಕಾಫಿ ಎಂಬಲ್ಲಿಂದ ಶುರುಮಾಡಿ. ಸಕ್ಕರೆ ಕಾಯಿಲೆಗೂ ಅದು ಬೇಕಾದದ್ದೇ. ಹಾಗೆಯೇ ಕೂರುವ ಶೌಚಾಲಯ, ಹಿಡಿದು ಏಳಲು ಗೋಡೆಗೊಂದು ಕಂಬಿ, ತರಕಾರಿ ಹೆಚ್ಚಲು ನೆಲದ ಈಳಿಗೆಮಣೆಯ ಬದಲು ಕಟ್ಟೆಯ ಮೇಲೆ ಚಾಕು, ಕೊಟ್ಟಿಗೆಯಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಕೆಲಸ ಬೇರೆಯವರಿಗೆ. ಇಷ್ಟನ್ನು ಈ ವಾರವೇ ಮಾಡಬಹುದು.

ಶರಾವತಿ ತೀರ

ಎಲ್ಲರಿಗೂ ಕೃತಜ್ಞತೆಗಳು. ಎಕ್ಸ್‌ರೇ ಮಲಗಿಸಿ ತೆಗೆದದ್ದೇ ಎಂದು ಅಮ್ಮ ಹೇಳುತ್ತಾರೆ. ಟವೆಲ್ ಪರೀಕ್ಷೆ ಮಾಡಿದೆ, ಬಲ ತೊಡೆ ನಿಜವಾಗಿಯೂ ಮೆತ್ತಗಿದೆ. ಕ್ಲಿನಿಕ್‌ಗೆ ಫೋನ್ ಮಾಡಿ ಪ್ರಯೋಗವೋ ಅನುಮೋದಿತ ಔಷಧವೋ ಎಂದು ಕೇಳಿದ್ದಕ್ಕೆ, ಇದು ಔಷಧವಲ್ಲ ಮೇಡಂ, ನಿಮ್ಮ ದೇಹದ್ದೇ ವಸ್ತು, ಇದಕ್ಕೆ ಅನುಮತಿ ಬೇಕಾಗುವುದಿಲ್ಲ ಎಂಬ ಉತ್ತರ ಬಂತು. ಬರವಣಿಗೆಯಲ್ಲಿ ಕೊಡಿ ಎಂದೆ. ವೈದ್ಯರನ್ನು ಕೇಳಿ ಹೇಳುತ್ತೇವೆ ಎಂದವರು ಮತ್ತೆ ಕರೆ ಮಾಡಿಲ್ಲ.

ಎರಡು ಪ್ರಶ್ನೆ ಉಳಿದಿವೆ. ಆ ಅನುಮೋದಿತ ಉತ್ಪನ್ನವನ್ನು ಅಮ್ಮನಿಗೆ ಕೊಡಿಸುವ ಬಗ್ಗೆ ಯೋಚಿಸಬಹುದೇ? ಅಣ್ಣನ ಮುಂಗಡ ವಾಪಸು ಪಡೆಯಲು ದಾರಿ ಇದೆಯೇ?

ನಿವೃತ್ತ ಮೂಳೆವೈದ್ಯ, ಮೈಸೂರು

ಮೊದಲು ನಿಲ್ಲಿಸಿ ತೆಗೆದ ಎಕ್ಸ್‌ರೇ ಆಗಲಿ. ಬಲ ಮಂಡಿ ನಾಲ್ಕನೇ ಗ್ರೇಡ್ ಎಂದು ಬಂದರೆ ಆ ಪ್ರಶ್ನೆಯೇ ಮುಗಿಯುತ್ತದೆ, ಏಕೆಂದರೆ ಆ ಉತ್ಪನ್ನವನ್ನು ಪರೀಕ್ಷಿಸಿದ್ದು ಎರಡು ಮತ್ತು ಮೂರನೇ ಗ್ರೇಡಿನವರಲ್ಲಿ. ಮೂರೇ ಆಗಿದ್ದರೆ, ಮೂರು ತಿಂಗಳು ಫಿಸಿಯೋ ಹೇಳಿದ್ದನ್ನು ಶ್ರದ್ಧೆಯಿಂದ ಮಾಡಿಸಿ, ಸಕ್ಕರೆಯನ್ನು ಹತೋಟಿಗೆ ತನ್ನಿ, ನೋವಿಗೆ ನುಂಗುವ ಮಾತ್ರೆಗಿಂತ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಸಾಕಾಗುತ್ತದೆಯೇ ನೋಡಿ. ಸಕ್ಕರೆ ಕಾಯಿಲೆಯವರ ಮೂತ್ರಪಿಂಡಕ್ಕೆ ಆ ಮಾತ್ರೆಗಳು ಒಳ್ಳೆಯದಲ್ಲ. ಅಷ್ಟಾದ ಮೇಲೂ ನೋವು ಬದುಕನ್ನು ಕಟ್ಟಿಹಾಕಿದ್ದರೆ ನಿಮ್ಮ ಮೂಳೆ ವೈದ್ಯರೊಂದಿಗೆ ಕೂತು ಚರ್ಚಿಸಿ. ಖರ್ಚನ್ನು ನೀವೇ ಭರಿಸಬೇಕು, ಪ್ರಯೋಗದಲ್ಲಿ ಕಂಡದ್ದು ಒಂದು ವರ್ಷದ ನೋವು ಶಮನ, ಮುಂದೆ ಆಪರೇಷನ್ ತಪ್ಪುತ್ತದೆ ಎಂದು ಅದು ತೋರಿಸಿಲ್ಲ. ಈ ಮೂರನ್ನೂ ಒಪ್ಪಿಕೊಂಡು ಮಾಡಿಸುವವರಿಗೆ ನಾನು ಬೇಡ ಎನ್ನುವುದಿಲ್ಲ. ಕೊಬ್ಬಿನದ್ದಕ್ಕೆ ಮಾತ್ರ ಬೇಡ ಎನ್ನುತ್ತೇನೆ.

ಆಪರೇಷನ್ ಬಗ್ಗೆ ಇರುವ ಭಯಕ್ಕೂ ಎರಡು ಮಾತು. ಪೂರ್ಣ ಮಂಡಿ ಬದಲಾವಣೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 82 ಜನರ ಕೃತಕ ಕೀಲು 25 ವರ್ಷ ಬಾಳುತ್ತದೆ ಎಂದು 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಹೇಳುತ್ತದೆ. 2017ರಲ್ಲಿ ಸರ್ಕಾರ ಕೃತಕ ಕೀಲುಗಳ ಬೆಲೆಗೆ ಮಿತಿ ಹಾಕಿತು, ಹೆಚ್ಚು ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು 54,720 ರೂಪಾಯಿ ಮತ್ತು ತೆರಿಗೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದನ್ನು ಹೆಚ್ಚಿನ ಶಸ್ತ್ರವೈದ್ಯರು ಬೇಡವೆನ್ನುತ್ತಾರೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ಈಗಲೂ ಹಾಗೆ ಕೂತು ತಾವಾಗಿ ಏಳಲು ಆಗುತ್ತಿದೆಯೇ ಎಂದು ಕೇಳಿ ನೋಡಿ.

ನೈತಿಕ ಸಮಿತಿ ಸದಸ್ಯೆ

ಫೋನಿನಲ್ಲಿ ಮಾತಾಡುವುದನ್ನು ನಿಲ್ಲಿಸಿ, ಇಮೇಲ್ ಮತ್ತು ರಿಜಿಸ್ಟರ್ಡ್ ಅಂಚೆ ಎರಡರಲ್ಲಿಯೂ ಬರೆಯಿರಿ. ಚಿಕಿತ್ಸೆ ಆರಂಭವೇ ಆಗಿಲ್ಲ, ಅನುಮೋದನೆಯ ದಾಖಲೆ ಕೇಳಿದ್ದಕ್ಕೆ ಉತ್ತರ ಬಂದಿಲ್ಲ, ಆದ್ದರಿಂದ ಮುಂಗಡ ಹಿಂದಿರುಗಿಸಿ ಎಂದು ನಾಲ್ಕು ಸಾಲು ಸಾಕು. ಹದಿನೈದು ದಿನಗಳ ಗಡುವು ಕೊಡಿ. ಅಣ್ಣನಿಗೆ ಬಂದ ವಿಡಿಯೋ, ವಾಟ್ಸಾಪ್ ಸಂದೇಶ, ರಸೀದಿ ಯಾವುದನ್ನೂ ಅಳಿಸಬೇಡಿ, ಮೃದ್ವಸ್ಥಿ ಬೆಳೆಯುತ್ತದೆ ಎಂದು ಬರೆದ ಸಾಲು ಇದ್ದರೆ ಅದರ ಸ್ಕ್ರೀನ್‌ಶಾಟ್ ತೆಗೆದಿಡಿ. ಹಣ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲಿಯೇ ದೂರು ಕೊಡಬಹುದು. ಅಲ್ಲಿಯೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಪಾವತಿಸಿದ ಮೊತ್ತ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಹಣ ಕಟ್ಟಿದ್ದು ಅಣ್ಣನಾದ್ದರಿಂದ ಅವರು ಬೆಂಗಳೂರಿನಲ್ಲಿ ಸಲ್ಲಿಸಿದರೆ ಸುಲಭ. ಪತ್ರದ ಕರಡು ಬೇಕಿದ್ದರೆ ಇಲ್ಲಿಯೇ ಕೇಳಿ, ಬರೆದು ಹಾಕುತ್ತೇನೆ.